ಓರೆಯಾಗಿ ಕತ್ತರಿಸಿದ ಹಾಳೆ, ನೆಟ್ಟಗೆ ನಿಂತ ಕುದುರೆ

ನನ್ನ ಕಾಗದದ ಕುದುರೆ ಕೊನೆಗೂ ನಾಲ್ಕು ಕಾಲ ಮೇಲೆ ನಿಂತಿದೆ. ಒಂದೇ ಚೌಕ, ಎಲ್ಲೂ ಕತ್ತರಿ ತಾಗಿಸಿಲ್ಲ, ಕಾಲೊಳಗೆ ತಂತಿ ತೂರಿಸಿಲ್ಲ. ಸಾಮಾನು ಸುತ್ತುವ ಕಂದು ಕ್ರಾಫ್ಟ್ ಪೇಪರಿನಲ್ಲಿ ವೆಟ್ ಫೋಲ್ಡಿಂಗ್ (ಕಾಗದ ಒದ್ದೆ ಮಾಡಿ ಆಕಾರ ಕೊಡುವುದು) ಮಾಡ್ತೀನಿ ಅಂದಾಗ ಒರಿಗಾಮಿ ಮಡಿಸುವ ಗೆಳೆಯರೆಲ್ಲ ನಕ್ಕಿದ್ದರು. ಚೌಕವನ್ನು ರೋಲಿನ ಮೇಲೆ ಓರೆಯಾಗಿ ಕತ್ತರಿಸಿದಾಗ ಇನ್ನೂ ಜಾಸ್ತಿ ನಕ್ಕರು, ಅರ್ಧ ಕಾಗದ ದಂಡ ಅಂತ. ಅವರಲ್ಲೇ ಒಂದಿಬ್ಬರು ಈಗ ಓರೆಯಾಗಿ ಕತ್ತರಿಸುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಡಿಸೈನ್ ನನ್ನದೇ, ಅಂಥ ಕಷ್ಟದ್ದೇನಲ್ಲ. ತಲೆ ಒಂದು ಮೂಲೆಯಿಂದ, ಬಾಲ ಎದುರು ಮೂಲೆಯಿಂದ. ಮುಂಗಾಲು ಉಳಿದೆರಡು ಮೂಲೆಗಳಿಂದ, ಹಿಂಗಾಲು ಬಾಲದ ಕಡೆಯ ಅಂಚುಗಳಿಂದ ಬರುತ್ತವೆ. ಅಂದರೆ ಬೆನ್ನು ಬೀಳುವುದು ಕರ್ಣದ ಮೇಲೆ. ಒಣಗಿದ ಹಾಳೆಯಲ್ಲಿ ಮಡಿಸಿದರೆ ಎಲ್ಲ ಸರಿ. ನೀರು ತಾಗಿಸಿ ಹೊಟ್ಟೆ, ತೊಡೆ ಉಬ್ಬಿಸಿ ರಾತ್ರಿ ಇಟ್ಟರೆ ಬೆಳಗ್ಗೆ ಒಂದು ಕಡೆಯ ಕಾಲು ತಿರುಚಿಕೊಂಡು ಕುದುರೆ ವಾಲಿರುತ್ತಿತ್ತು. ಮತ್ತೆ ಒದ್ದೆ ಮಾಡಿ ತಿದ್ದಿದರೂ ಅಷ್ಟೇ. ಹೊಸ ಹಾಳೆಯಲ್ಲಿ ಮಾಡಿದರೂ ಅಷ್ಟೇ.

ಎಲ್ಲರೂ ಹೇಳಿದ್ದು ಒಂದೇ ಮಾತು: ಕಾಗದ ಸರಿಯಿಲ್ಲ, ಒಳ್ಳೆಯದು ತಗೋ. ತಗೊಂಡೆ. ಎಲಿಫೆಂಟ್ ಹೈಡ್ ಅನ್ನುವ ಗಟ್ಟಿ ಹಾಳೆಯ ಬಿಗಿ ನಿಜಕ್ಕೂ ಚೆನ್ನಾಗಿದೆ, ಗೆರೆ ಚೂಪಾಗಿ ಕೂರುತ್ತದೆ. ಆದರೆ ಅದು 110 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಆಸುಪಾಸಿನ ದಪ್ಪ ಕಾಗದ. ನನ್ನ ಹಿಂಗಾಲಿನಲ್ಲಿ ಹದಿನಾರು ಪದರದವರೆಗೆ ಸೇರುತ್ತದೆ, ಅಲ್ಲಿ ಕುದುರೆ ಕಾಲು ಹೋಗಿ ಆನೆ ಕಾಲಾಯಿತು. ಆಮೇಲೆ ಕೈಯಿಂದ ಮಾಡಿದ ಕಾಗದ ತರಿಸಿದೆ. ಅದು ವಾಲಲಿಲ್ಲ, ಆದರೆ ಕ್ಲೋಸ್ಡ್ ಸಿಂಕ್ (ಮೂಲೆಯನ್ನು ಬಿಚ್ಚದೆ ಒಳಕ್ಕೆ ತಳ್ಳುವ ಮಡಿಕೆ) ಮಾಡುವಾಗ ತುದಿಯಲ್ಲಿ ಹರಿಯಿತು, ಒದ್ದೆಯಾದಲ್ಲೆಲ್ಲ ನಾರು ಎದ್ದು ಜೂಲು ಜೂಲಾಯಿತು. ಟಿಶ್ಯೂ ಕಾಗದಕ್ಕೆ ಲೋಹದ ಹಾಳೆ ಅಂಟಿಸಿದ ಟಿಶ್ಯೂ ಫಾಯಿಲ್ ಅಂತೂ ನಿಲ್ಲುತ್ತದೆ, ಒಳಗೆ ಲೋಹ ಇದೆಯಲ್ಲ. ಆದರೆ ಹೊಟ್ಟೆಗೆ ದುಂಡು ಬರಲ್ಲ, ಬೆರಳು ಒತ್ತಿದಲ್ಲೆಲ್ಲ ತಗ್ಗು. ಈ ಮೂರಕ್ಕೆ ಸುರಿದ ದುಡ್ಡಲ್ಲಿ ಕ್ರಾಫ್ಟ್ ಪೇಪರ್ ತಂದಿದ್ದರೆ ವರ್ಷಗಟ್ಟಲೆ ಬರುತ್ತಿತ್ತು.

ಸುಳಿವು ಸಿಕ್ಕಿದ್ದು ಎರಡು ವಿಷಯದಿಂದ. ಕ್ರಾಫ್ಟ್ ಕುದುರೆ ವಾಲುತ್ತಿದ್ದದ್ದು ಯಾವಾಗಲೂ ಒಂದೇ ಕಡೆಗೆ. ಕೈಕಾಗದದ್ದು ವಾಲಲೇ ಇಲ್ಲ. ಹಾಗಾದರೆ ತಪ್ಪು ಕಾಗದದ ನಾರು ಮಲಗಿರುವ ದಿಕ್ಕಿನದ್ದು, ಅಂದರೆ ಗ್ರೇನ್‌ನದ್ದು, ಅಲ್ವಾ? ಯಂತ್ರದ ಕಾಗದದಲ್ಲಿ ನಾರು ಹೆಚ್ಚಾಗಿ ರೋಲಿನ ಉದ್ದಕ್ಕೇ ಮಲಗಿರುತ್ತದೆ, ನೀರು ಕುಡಿದಾಗ ಹಿಗ್ಗುವುದು ಅಡ್ಡಕ್ಕೆ. ಚೌಕವನ್ನು ನೇರ ಕತ್ತರಿಸಿ ಕರ್ಣದ ಮೇಲೆ ಮಡಿಸಿದಿರಿ ಅಂದರೆ ಎಡಗಾಲಿನ ಅಂಚಿಗೆ ಗ್ರೇನ್ ಉದ್ದುದ್ದ, ಬಲಗಾಲಿನ ಅಂಚಿಗೆ ಅಡ್ಡ. ಎರಡು ಕಾಲು ಎರಡು ಬೇರೆ ಕಾಗದ ಇದ್ದ ಹಾಗೆ. ಒಂದೇ ರೀತಿ ಒಣಗು ಅಂದರೆ ಎಲ್ಲಿಂದ ಒಣಗುತ್ತದೆ?

ಅದಕ್ಕೆ ಚೌಕವನ್ನೇ ತಿರುಗಿಸಿದೆ. ಗ್ರೇನ್ ಕರ್ಣದ ಉದ್ದಕ್ಕೆ, ಅಂದರೆ ಕುದುರೆಯ ಬೆನ್ನಿನ ಉದ್ದಕ್ಕೆ ಬಂತು. ಎರಡೂ ಪಕ್ಕ ಸಮ ಸಮ. ಮೊದಲ ಕುದುರೆಯೇ ನಿಂತಿತು. ಮುಂಗಾಲಿನ ಗೊರಸು ಒಂಚೂರು ಮೇಲಿತ್ತು, ಅದು ಬೇರೆ ಮಾತು.

ಇನ್ನು ದಂಡದ ಲೆಕ್ಕ. 90 ಸೆಂಟಿಮೀಟರ್ ಅಗಲದ ರೋಲಿನಲ್ಲಿ ಓರೆ ಚೌಕದ ಬದಿ ಸುಮಾರು 63 ಬರುತ್ತದೆ. ಸಾಲಾಗಿ ಕತ್ತರಿಸುತ್ತಾ ಹೋದರೆ ಪಕ್ಕದಲ್ಲಿ ತ್ರಿಕೋನಗಳು ಉಳಿಯುತ್ತವೆ, ಅದು ಅರ್ಧ ಕಾಗದ ಅನ್ನುವುದು ನಿಜವೇ. ಆದರೆ ಪ್ರತಿ ತ್ರಿಕೋನದ ಲಂಬ ಮೂಲೆಯಲ್ಲಿ ಸುಮಾರು 31ರ ಇನ್ನೊಂದು ಚೌಕ ಸಿಗುತ್ತದೆ. ಅದರ ಗ್ರೇನ್ ಕೂಡ ಕರ್ಣಕ್ಕೇ! ಹಾಗಾಗಿ ಒಂದು ದೊಡ್ಡ ಕುದುರೆಗೆ ಎರಡು ಮರಿ. ನಿಜವಾಗಿ ಹಾಳಾಗುವುದು ಕಾಲು ಭಾಗ ಮಾತ್ರ. ನಕ್ಕವರಿಗೆ ಈ ಲೆಕ್ಕ ಪೆನ್ಸಿಲಿನಲ್ಲಿ ಬರೆದು ತೋರಿಸಿದೆ.

ನಾನು ಬಳಸುವ ಕ್ರಾಫ್ಟ್ 70–80 ಜಿಎಸ್ಎಂ. ಬರೀ ನೀರಿಗೆ ಅದು ಮೆತ್ತಗಾಗಿ ಬಿದ್ದುಹೋಗುತ್ತದೆ, ಮೀಥೈಲ್ ಸೆಲ್ಯುಲೋಸ್ (ನೀರಲ್ಲಿ ಕರಗುವ ಪುಡಿ ಅಂಟು, ಚಿಕ್ಕದಾಗಿ ಎಂಸಿ) ಬೇಕೇ ಬೇಕು. ಪುಡಿಯನ್ನು ಮೊದಲು ಸ್ವಲ್ಪ ಬಿಸಿ ನೀರಿಗೆ ಹಾಕಿ ಕಲಕಿ, ಆಮೇಲೆ ತಣ್ಣೀರು ಸೇರಿಸಿ. ನೇರವಾಗಿ ತಣ್ಣೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಒಂದು ಲೋಟ ನೀರಿಗೆ ಒಂದು, ಒಂದೂವರೆ ಚಮಚ, ಅಳತೆ ನಾನೂ ಕಣ್ಣಂದಾಜಿನಲ್ಲೇ ಮಾಡುವುದು. ಹಾಳೆಯನ್ನು ಗಾಜಿನ ಮೇಲೆ ಹರಡಿ ಬ್ರಷ್‌ನಲ್ಲಿ ಬಳಿದು ಪೂರ್ತಿ ಒಣಗಲು ಬಿಡಿ. ಇನ್ನೊಂದು ಬದಿಗೂ ಬಳಿಯುತ್ತೇನೆ, ಆದರೆ ಅಷ್ಟೇ ದಪ್ಪಕ್ಕಲ್ಲ. ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೆ ಬಹಳ ಹಾಳೆ ಖರ್ಚಾಗಿದೆ.

ಇದರ ನಡುವೆ ಬೇರೆ ಅಂಟೂ ನೋಡಿದೆ. ಬಿಳಿ ಪಿವಿಎ ಅಂಟನ್ನು ತೆಳ್ಳಗೆ ಮಾಡಿ ಬಳಿದರೆ ಕಾಗದ ಗಟ್ಟಿಯಾಗುತ್ತದೆ, ಆದರೆ ಒಮ್ಮೆ ಒಣಗಿತು ಅಂದರೆ ಮತ್ತೆ ಒದ್ದೆ ಮಾಡಿ ತಿದ್ದಲು ಸರಿಯಾಗಿ ಬಗ್ಗಲ್ಲ. ಗಂಜಿ ಅಂಟು ಬಗ್ಗುತ್ತದೆ, ಜೊತೆಗೆ ಹುಳುಗಳನ್ನೂ ಕರೆಯುತ್ತದೆ. ಎಂಸಿಯ ಲಾಭ ಇನ್ನೊಂದಿದೆ: ಕಾಲಿನ ಪದರಗಳ ನಡುವೆ ಸ್ವಲ್ಪ ತೇವ ಕೊಟ್ಟು ಒತ್ತಿ ಹಿಡಿದರೆ ಪದರಗಳು ತಾವೇ ಕಚ್ಚಿಕೊಳ್ಳುತ್ತವೆ.

ಪ್ರೀಕ್ರೀಸ್ (ಮೊದಲೇ ಗೆರೆ ಹಾಕಿಕೊಳ್ಳುವುದು), ಕೊಲ್ಯಾಪ್ಸ್ (ಆ ಗೆರೆಗಳನ್ನೆಲ್ಲ ಒಟ್ಟಿಗೆ ಮಡಿಸಿ ಕೂರಿಸುವುದು) ಎಲ್ಲ ಒಣ ಹಾಳೆಯಲ್ಲೇ. ವೆಟ್ ಫೋಲ್ಡಿಂಗ್ ಶುರುಮಾಡಿದ ಅಕಿರಾ ಯೋಶಿಝಾವಾ ಅವರಂತೆ ದಪ್ಪ ಹಾಳೆ ಒದ್ದೆ ಮಾಡಿಕೊಂಡು ಮಡಿಸುವವರ ದಾರಿ ಬೇರೆ, ಇಷ್ಟು ಪದರ ಇರುವಲ್ಲಿ ನನಗದು ಒಗ್ಗಲಿಲ್ಲ. ಆಕಾರ ಕೊಡುವಾಗ ಮಾತ್ರ ಹಿಂಡಿದ ಸ್ಪಂಜು, ಅದೂ ಒಂದು ಸಲಕ್ಕೆ ಒಂದೇ ಭಾಗ. ಮೊದಲು ಹಿಂಗಾಲು, ಅಲ್ಲೇ ಪದರ ಜಾಸ್ತಿ. ಕ್ಲಿಪ್ ಹಾಕುವಾಗ ನಡುವೆ ರಟ್ಟಿನ ಚೂರು ಇಡಿ, ಇಲ್ಲದಿದ್ದರೆ ಹಲ್ಲಿನ ಗುರುತು ಉಳಿಯುತ್ತದೆ. ಅದು ಪೂರ್ತಿ ಒಣಗಿದ ಮೇಲೆ ಮುಂಗಾಲು, ಆಮೇಲೆ ಹೊಟ್ಟೆ, ಕತ್ತು ಕೊನೆಗೆ. ಹೊಟ್ಟೆ ಅಡಿಯಲ್ಲಿ ಬಾಯಿ ಬಿಡದಂತೆ ಬೀಗ ಹಾಕುವ ಮಡಿಕೆ ಒಂದಿದೆ. ಸದ್ಯಕ್ಕೆ ಅದನ್ನು ಹೇಳಲ್ಲ.

ಎಲ್ಲಕ್ಕೂ ಓರೆ ಚೌಕ ಬೇಕಿಲ್ಲ. ನಡುಗೆರೆ ಅಂಚಿಗೆ ಸಮಾನಾಂತರ ಇರುವ ಮಾದರಿಗಳಿಗೆ, ಚೌಕುಳಿ ಗೆರೆಗಳ ಮೇಲೆ ಮಡಿಸುವ ಬಾಕ್ಸ್ ಪ್ಲೀಟಿಂಗ್‌ನಲ್ಲಿ ಇಂಥವೇ ಜಾಸ್ತಿ, ನೇರ ಕತ್ತರಿಸಿದ್ದೇ ಸರಿ. ಬಿಡಿ ಹಾಳೆ ತಂದರೆ ಗ್ರೇನ್ ಯಾವ ಕಡೆಗೂ ಇರಬಹುದು. ಮೂಲೆಯಿಂದ ಪುಟ್ಟ ಚೌಕ ಕತ್ತರಿಸಿ ಒಂದು ಬದಿ ಒದ್ದೆ ಮಾಡಿ ನೋಡಿ, ಸುರುಳಿಯ ಕೊಳವೆ ಯಾವ ಕಡೆಗೆ ಉದ್ದವೋ ಗ್ರೇನ್ ಆ ಕಡೆಗೆ. ಚೂರಿನ ಯಾವ ಅಂಚು ಯಾವ ಕಡೆಯದು ಅಂತ ಮೊದಲೇ ಪೆನ್ಸಿಲ್ ಗುರುತು ಹಾಕಿಕೊಳ್ಳಿ.

ಈಗ ಇದೇ ರೀತಿ ಜಿಂಕೆ ಹಿಡಿದಿದ್ದೇನೆ. ಕಾಲು ನಿಂತಿವೆ, ಕೊಂಬು ಮಾತ್ರ ದಪ್ಪ. 60 ಜಿಎಸ್ಎಂಗೆ ಇಳಿದು ನೋಡಬೇಕು.