ಡಲ್ಲಾಸ್‌ನಲ್ಲಿ ಮನೆ ಹೋಲ್‌ಸೇಲಿಂಗ್: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಮನೆ ಮಾರುವವರ ಜೊತೆ ಖರೀದಿ ಕರಾರು ಮಾಡಿಕೊಂಡು, ಆ ಕರಾರನ್ನೇ ಶುಲ್ಕ ಪಡೆದು ಬೇರೊಬ್ಬ ಹೂಡಿಕೆದಾರರಿಗೆ ವಹಿಸಿಕೊಡುವುದು ಹೋಲ್‌ಸೇಲಿಂಗ್. ಊರಲ್ಲಿ ಸೈಟಿನ ಅಗ್ರಿಮೆಂಟ್ ಕೈಬದಲಾಗುವುದನ್ನು ಕಂಡವರಿಗೆ ತಟ್ಟನೆ ಅರ್ಥವಾಗುತ್ತದೆ. ಹೊಸಬರು ಮೊದಲ ತಿಂಗಳೇ ನಾಲ್ಕೈದು ಸಾಫ್ಟ್‌ವೇರ್‌ಗಳಿಗೆ ಚಂದಾ ಕಟ್ಟುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಮಾಲೀಕರಿಗೆ ಮಾಡುವ ಮೊದಲ ಫೋನಿನಿಂದ ಕ್ಲೋಸಿಂಗ್‌ವರೆಗಿನ, ಅಂದರೆ ವ್ಯವಹಾರ ಮುಗಿದು ಹಣ ಕೈಸೇರುವವರೆಗಿನ, ಕೆಲಸವನ್ನೆಲ್ಲ ಒಂದು ಎಕ್ಸೆಲ್ ಶೀಟಿನಲ್ಲಿ ನಡೆಸಿ ನೋಡಬೇಕು. ಶೀಟಿನಿಂದ ಆಗದ ಕೆಲಸಕ್ಕೆ ಮಾತ್ರ ದುಡ್ಡು ಹಾಕಬೇಕು.

ಮಾಲೀಕರ ಪಟ್ಟಿಗೆ ತೆರಿಗೆಗಾಗಿ ಮನೆಗಳ ಮೌಲ್ಯ ನಿಗದಿ ಮಾಡುವ ಡಲ್ಲಾಸ್ ಸೆಂಟ್ರಲ್ ಅಪ್ರೈಸಲ್ ಡಿಸ್ಟ್ರಿಕ್ಟ್ ಕಚೇರಿಯ ಕಡತ ಸಾಕು, ಅದು ಪುಕ್ಕಟೆ ಸಿಗುತ್ತದೆ. ಮನೆಯ ವಿಳಾಸ ಒಂದು, ತೆರಿಗೆ ಕಾಗದ ಹೋಗುವ ವಿಳಾಸ ಇನ್ನೊಂದು, ಸ್ವಂತ ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ತೆರಿಗೆ ವಿನಾಯಿತಿಯೂ ಇಲ್ಲ ಎಂದರೆ ಮಾಲೀಕರು ಅಲ್ಲಿ ವಾಸವಿಲ್ಲ ಎಂದು ಹಿಡಿಯಬಹುದು. ನಾವು ಹುಡುಕುವುದು ಇಂಥವರನ್ನೇ. ಇಡೀ ವಿಳಾಸವನ್ನು ಹೋಲಿಸಲು ಹೋಗಬೇಡಿ. ಒಂದು ಕಡೆ ‘ಸ್ಟ್ರೀಟ್’, ಇನ್ನೊಂದು ಕಡೆ ಬರೀ ‘ಎಸ್‌ಟಿ’ ಎಂದಿದ್ದರೆ ಶೀಟು ಒಂದೇ ಮನೆಯನ್ನು ಎರಡೆಂದು ತಿಳಿಯುತ್ತದೆ. ಮನೆ ನಂಬರು, ಜಿಪ್ ಕೋಡಿನ ಮೊದಲ ಐದು ಅಂಕಿ, ಇವೆರಡನ್ನೇ ಹೋಲಿಸಿ.

ಬೆಲೆ ತಿಳಿಯುವ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಟೆಕ್ಸಾಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯಿತೆಂದು ಸರ್ಕಾರಿ ದಾಖಲೆಗೆ ತಿಳಿಸಬೇಕಾಗಿಲ್ಲ. ಹಾಗಾಗಿ ಆನ್‌ಲೈನ್ ಅಂದಾಜುಗಳು ಇಲ್ಲಿ ಅಷ್ಟು ಭರವಸೆಯವಲ್ಲ. ಎಂಎಲ್‌ಎಸ್ (ಏಜೆಂಟರು ಮನೆ ಮಾರಾಟದ ವಿವರ ಹಂಚಿಕೊಳ್ಳುವ ಪಟ್ಟಿ) ನೋಡಬಲ್ಲ ಏಜೆಂಟರಿಗೆ ಸಂಭಾವನೆ ಕೊಟ್ಟು, ಅದೇ ಬಡಾವಣೆಯಲ್ಲಿ ಈಚಿನ ಆರು ತಿಂಗಳಲ್ಲಿ ಮಾರಾಟವಾದ ಮೂರು ಮನೆಗಳ ಬೆಲೆ ತರಿಸಿಕೊಳ್ಳಿ. ಆಮೇಲೆ ಲೆಕ್ಕ ಸುಲಭ. ರಿಪೇರಿಯ ನಂತರದ ಬೆಲೆ 2,40,000 ಡಾಲರ್ ಎಂದುಕೊಳ್ಳಿ, ಕೊಳ್ಳುವ ಹೂಡಿಕೆದಾರರ ಖರ್ಚು, ಲಾಭಕ್ಕೆಂದು 30% ಬಿಟ್ಟರೆ ಉಳಿಯುವ 70% ಎಂದರೆ 1,68,000. ರಿಪೇರಿಗೆ 35,000, ನಮ್ಮ ಶುಲ್ಕ 10,000 ಕಳೆದರೆ 1,23,000. ಮಾಲೀಕರಿಗೆ ಇದಕ್ಕಿಂತ ಹೆಚ್ಚು ಹೇಳಬಾರದು. ಲೆಕ್ಕ ಕೆಡುವುದು ಹೆಚ್ಚಾಗಿ ರಿಪೇರಿಯಲ್ಲೇ. ಡಲ್ಲಾಸ್‌ನ ಜೇಡಿ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ತಳಪಾಯ ಬಿರಿಯುತ್ತದೆ. ಬಾಗಿಲ ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಏರಿದ ಬಿರುಕು ಕಂಡರೆ ತಳಪಾಯದವರನ್ನು ಕರೆಸದೆ ಬೆಲೆ ಹೇಳಲೇಬೇಡಿ.

ಫೋನ್ ಮಾಡುವ ಮುಂಚೆ ‘ಡು ನಾಟ್ ಕಾಲ್’ (ಮಾರಾಟದ ಕರೆ ಬೇಡ ಎಂದವರ ಸರ್ಕಾರಿ) ಪಟ್ಟಿಯಲ್ಲಿರುವ ನಂಬರುಗಳನ್ನು ತೆಗೆದುಹಾಕಬೇಕು. ಆ ಪಟ್ಟಿಯನ್ನು 31 ದಿನಕ್ಕೊಮ್ಮೆಯಾದರೂ ಹೊಸದಾಗಿ ಇಳಿಸಿಕೊಳ್ಳಬೇಕು, ಐದು ಏರಿಯಾ ಕೋಡ್‌ಗಳವರೆಗೆ ಶುಲ್ಕವಿಲ್ಲ. ಫೆಡರಲ್ ನಿಯಮದಂತೆ ಬೆಳಿಗ್ಗೆ 8ರಿಂದ ರಾತ್ರಿ 9ರ ಒಳಗೆ ಮಾತ್ರ ಕರೆ. ತಾನಾಗಿ ನಂಬರು ಒತ್ತುವ ಆಟೋ ಡಯಲರ್, ಒಟ್ಟಾಗಿ ಮೆಸೇಜು ಕಳಿಸುವ ಸಾಫ್ಟ್‌ವೇರ್ ಆರಂಭದಲ್ಲಿ ಬೇಡವೇ ಬೇಡ: ಕಾನೂನು ಮೀರಿದ ಒಂದೊಂದು ಕರೆಗೂ 500ರಿಂದ 1,500 ಡಾಲರ್ ಪರಿಹಾರಕ್ಕೆ ದಾವೆ ಹೂಡಬಹುದು.

ಯಾರ ಜೊತೆ ಏನು ಮಾತಾಯಿತೆಂದು ಬರೆದಿಡುವ ಸಿಆರ್‌ಎಂ ಸಾಫ್ಟ್‌ವೇರ್ ಯಾವುದಾದರೂ ಆದೀತು. ‘ಮುಂದಿನ ಕರೆಯ ತಾರೀಖು’ ಎಂಬ ಕಾಲಂ ಮಾತ್ರ ಯಾವ ಸಾಲಿನಲ್ಲೂ ಖಾಲಿ ಇರಬಾರದು. ಇಂದು ‘ಬೇಡ’ ಎಂದವರು ಮೂರು ತಿಂಗಳ ಮೇಲೆ ಮಾರಲು ಒಪ್ಪುವುದುಂಟು.

ಕರಾರು ವರ್ಗಾವಣೆಯ ವ್ಯವಹಾರ ಮುಗಿಸಿಕೊಡಲು ಮನೆಯ ಹಕ್ಕುಪತ್ರ ಪರಿಶೀಲಿಸಿ ಹಣ, ಕಾಗದ ಕೈಬದಲಾಯಿಸುವ ಟೈಟಲ್ ಕಂಪನಿಗಳೆಲ್ಲವೂ ಒಪ್ಪುವುದಿಲ್ಲ. ಮೊದಲ ಕರಾರಿಗೆ ಸಹಿ ಹಾಕುವ ಮುಂಚೆಯೇ ಕೇಳಿಟ್ಟುಕೊಳ್ಳಿ. ಮನೆ ನಮ್ಮ ಹೆಸರಿನಲ್ಲಿಲ್ಲ, ಮಾರುತ್ತಿರುವುದು ಕರಾರಿನ ಹಕ್ಕು ಮಾತ್ರ ಎಂದು ಕೊಳ್ಳುವವರಿಗೆ ಮೊದಲೇ ತಿಳಿಸಬೇಕೆಂದು ಟೆಕ್ಸಾಸ್ ಕಾನೂನು ಹೇಳುತ್ತದೆ. ನಾನು ಅದನ್ನು ಬರಹದಲ್ಲೇ ಕೊಟ್ಟು, ಸಹಿ ಹಾಕಿಸಿಕೊಂಡು, ಆಮೇಲೆ ಮನೆಯ ಫೋಟೋ ಕಳಿಸುತ್ತೇನೆ.