ಬೈಪಾಸ್ ಬಿಚ್ಚಿಸಿಕೊಂಡ ಮೇಲೆ ಮೊದಲ ವರ್ಷ ದಾಟುವ ಬಗೆ

ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹತ್ತು ಎಣಿಸಿ. ಬೆರಳು ತೆಗೆದ ಕೂಡಲೇ ಚರ್ಮ ಮೇಲೆದ್ದರೆ ಸರಿ. ನಾದಿಟ್ಟ ಹಿಟ್ಟಿನ ಮೇಲೆ ಉಳಿಯುವಂತೆ ಕುಳಿ ಉಳಿದರೆ ಕಾಲಿನಲ್ಲಿ ನೀರು ನಿಂತಿದೆ ಎಂದು ತಿಳಿಯಿರಿ. 2022ರ ಬೇಸಿಗೆಯಲ್ಲಿ ನನ್ನ ಕಾಲಿನ ಕುಳಿಯಲ್ಲಿ ಒಂದು ಜೋಳದ ಕಾಳು ಕೂರುತ್ತಿತ್ತು.

ಕೊಪ್ಪಳದ ಬಸ್ ನಿಲ್ದಾಣದ ಹತ್ತಿರ ನನ್ನದು ರೊಟ್ಟಿ ಖಾನಾವಳಿ. ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವ ಮನೆ. 2019ರಲ್ಲಿ ನನ್ನ ತೂಕ 112 ಕಿಲೋ, ಜೊತೆಗೆ ಸಕ್ಕರೆ ಕಾಯಿಲೆ. ತೂಕ ಇಳಿಸಲು ಜಠರ, ಕರುಳಿಗೆ ಮಾಡುವ ಮಿನಿ ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಆಪರೇಷನ್ ಮಾಡಿಸಿಕೊಂಡೆ. ಮೊದಲ ವರ್ಷ ಎಲ್ಲವೂ ಚೆನ್ನಾಗಿತ್ತು. ಮೂರನೆಯ ವರ್ಷಕ್ಕೆ ತೂಕ 43ಕ್ಕೆ ಇಳಿದು ನಿಂತಿತು. ತಲೆ ಬಾಚಿದರೆ ಮುಷ್ಟಿಗಟ್ಟಲೆ ಕೂದಲು ಬರುತ್ತಿತ್ತು, ದಿನಕ್ಕೆ ಏಳೆಂಟು ಬಾರಿ ಜಿಡ್ಡು ಜಿಡ್ಡಾದ ಭೇದಿ ಆಗುತ್ತಿತ್ತು. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ 3.5ಕ್ಕಿಂತ ಮೇಲೆ ಇರಬೇಕು, ನನ್ನದು 2.1 ಇತ್ತು. ತಿನ್ನುತ್ತಿದ್ದೆ, ಆದರೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಆ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಬೈಪಾಸನ್ನು ಬಿಚ್ಚಿ ಕರುಳನ್ನು ಮೊದಲಿನಂತೆ ಸೇರಿಸಿದರು. ಅದರ ನಂತರದ ದಿನಗಳನ್ನು ಹೇಗೆ ಕಳೆಯಬೇಕೆಂದು ನನಗೆ ಕನ್ನಡದಲ್ಲಿ ಹೇಳುವವರು ಯಾರೂ ಸಿಗಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಈ ದಾರಿಯಲ್ಲಿದ್ದರೆ ನನ್ನ ಅನುಭವ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ. ನಿಮ್ಮ ಶಸ್ತ್ರವೈದ್ಯರು ಇದಕ್ಕಿಂತ ಬೇರೆ ಹೇಳಿದರೆ ಅವರ ಮಾತನ್ನೇ ಕೇಳಿ. ಅವರು ನಿಮ್ಮ ಹೊಟ್ಟೆಯ ಒಳಗನ್ನು ನೋಡಿದವರು.

ಏನು ಮಾಡಿದ್ದಾರೆಂದು ಮೊದಲು ತಿಳಿದುಕೊಳ್ಳಿ

ಮಿನಿ ಬೈಪಾಸಿನಲ್ಲಿ ಜಠರವನ್ನು ಎರಡಾಗಿ ಮಾಡುತ್ತಾರೆ. ಮೇಲಿನದು ಕೊಳವೆಯಂಥ ಸಣ್ಣ ಚೀಲ, ಉಳಿದದ್ದು ಕೆಲಸವಿಲ್ಲದೆ ಒಳಗೇ ಇರುತ್ತದೆ. ಆ ಸಣ್ಣ ಚೀಲಕ್ಕೆ ಒಂದೂವರೆ ಎರಡು ಮೀಟರ್ ಕೆಳಗಿನ ಕರುಳನ್ನು ತಂದು ಜೋಡಿಸುತ್ತಾರೆ. ಅಷ್ಟು ಉದ್ದದ ಕರುಳಿಗೆ ಊಟ ಮುಟ್ಟುವುದೇ ಇಲ್ಲ. ಬಿಚ್ಚುವಾಗ ಆ ಜೋಡಣೆ ತೆಗೆದು, ಸಣ್ಣ ಚೀಲವನ್ನು ಹಳೆಯ ಜಠರಕ್ಕೆ ಮತ್ತೆ ಸೇರಿಸುತ್ತಾರೆ. ತೂಕ ಇಳಿಸುವ ಇನ್ನೊಂದು ಆಪರೇಷನ್ ಆದ ಸ್ಲೀವ್ ಮಾಡಿಸಿಕೊಂಡವರಿಗೆ ಈ ದಾರಿ ಇಲ್ಲ, ಏಕೆಂದರೆ ಅದರಲ್ಲಿ ಜಠರದ ದೊಡ್ಡ ಭಾಗವನ್ನು ಕತ್ತರಿಸಿ ಹೊರಗೆ ತೆಗೆದಿರುತ್ತಾರೆ. ಜಠರದ ಸುತ್ತ ಬಿಗಿಯುವ ಬ್ಯಾಂಡ್ ಹಾಕಿಸಿಕೊಂಡವರಿಗೆ ಅದನ್ನು ತೆಗೆಸುವುದು ಇದಕ್ಕಿಂತ ಸುಲಭ.

ಮೊದಲಿನಂತೆ ಸೇರಿಸಿದರು ಎಂದ ಮಾತ್ರಕ್ಕೆ ಹಳೆಯ ಹೊಟ್ಟೆ ವಾಪಸು ಬಂತು ಎಂದು ನಂಬಬೇಡಿ. ಹುಟ್ಟಿನಿಂದ ಬಂದ ಹೊಟ್ಟೆ ಒಂದು, ಬೈಪಾಸಿನ ಹೊಟ್ಟೆ ಇನ್ನೊಂದು, ಈಗಿನದು ಮೂರನೆಯದು. ವರ್ಷಗಟ್ಟಲೆ ಖಾಲಿ ಇದ್ದ ಜಠರ ಕೆಲಸಕ್ಕೆ ನಿಧಾನವಾಗಿ ಇಳಿಯುತ್ತದೆ. ಎರಡು ಬಾರಿ ಕೊಯ್ದದ್ದರಿಂದ ಅದನ್ನು ಆಡಿಸುವ ನರಕ್ಕೂ ಪೆಟ್ಟು ಬಿದ್ದಿರಬಹುದು. ಬೆಳಗ್ಗೆ ಕುಡಿದ ಗಂಜಿ ಮಧ್ಯಾಹ್ನಕ್ಕೂ ಹಾಗೆಯೇ ಕುಳಿತಿದೆ ಎನಿಸುವುದು, ವಾಕರಿಕೆ, ಎದೆಯುರಿ ಇವೆಲ್ಲ ನನಗೆ ನಾಲ್ಕು ತಿಂಗಳು ಇದ್ದವು.

ಇನ್ನೊಂದು ಮಾತು. ಆಪರೇಷನ್ ಟಿಪ್ಪಣಿಯ ಪ್ರತಿಯನ್ನು ಕೇಳಿ ಪಡೆಯಿರಿ. ಡಿಸ್ಚಾರ್ಜ್ ಕಾಗದ ಸಾಲದು. ನನ್ನ ಮೊದಲ ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ‘ಬೈಪಾಸ್ ಮಾಡಲಾಗಿದೆ’ ಎಂದಷ್ಟೇ ಇತ್ತು. ಎಷ್ಟು ಸೆಂಟಿಮೀಟರ್ ಕರುಳನ್ನು ಬಿಟ್ಟು ಜೋಡಿಸಿದ್ದರು ಎಂದು ಎಲ್ಲಿಯೂ ಬರೆದಿರಲಿಲ್ಲ. ಅದು ಗೊತ್ತಾಗಿದ್ದು ಮೂರು ವರ್ಷದ ಮೇಲೆ, ಎರಡನೆಯ ಸಲ ಹೊಟ್ಟೆ ತೆರೆದಾಗ. ಇದಕ್ಕಾಗಿ ನನಗೆ ಇಂದಿಗೂ ಸಿಟ್ಟಿದೆ.

ಬಿಚ್ಚುವ ಮುಂಚಿನ ಮೂರು ವಾರ

ಸೊರಗಿದ ಮೈಯನ್ನು ಹಾಗೆಯೇ ಟೇಬಲ್ ಮೇಲೆ ಮಲಗಿಸಿದರೆ ಹೊಲಿಗೆ ಕೂಡಿಕೊಳ್ಳುವುದಿಲ್ಲ. ನನಗೆ ಮೊದಲು ಮೂರು ವಾರ ಮೂಗಿನ ಕೊಳವೆಯಿಂದ ಆಹಾರ ಕೊಟ್ಟರು, ಅದೂ ಹನಿ ಹನಿಯಾಗಿ. ಜೊತೆಗಿದ್ದ ಅವ್ವನಿಗೆ ಇದು ಸಂಕಟ ತಂದಿತು. “ಇಷ್ಟು ದಿನ ಉಪವಾಸ ಇದ್ದ ಕೂಸು, ಹೊಟ್ಟೆ ತುಂಬ ಹಾಕಿ” ಎಂದು ನರ್ಸ್‌ಗಳ ಮುಂದೆ ಅಂಗಲಾಚಿದಳು. ವೈದ್ಯರು ಅವಳಿಗೆ ಕಾಲುವೆಯ ಮಾತಿನಲ್ಲೇ ತಿಳಿಸಿದರು: ಬಿರುಕು ಬಿಟ್ಟ ಹೊಲಕ್ಕೆ ಒಮ್ಮೆಲೇ ನೀರು ನುಗ್ಗಿಸಿದರೆ ಬದು ಒಡೆಯುತ್ತದೆ. ಬಹುಕಾಲ ಸೊರಗಿದ ದೇಹಕ್ಕೆ ಏಕಾಏಕಿ ಹೆಚ್ಚು ಆಹಾರ ಬಿದ್ದರೆ ರಕ್ತದ ಪೊಟ್ಯಾಸಿಯಮ್, ಫಾಸ್ಫೇಟ್, ಮೆಗ್ನೀಸಿಯಮ್ ಥಟ್ಟನೆ ಕುಸಿಯುತ್ತವೆ, ಹೃದಯದ ಬಡಿತ ತಪ್ಪುತ್ತದೆ, ಪ್ರಾಣಕ್ಕೂ ಅಪಾಯ. ಆದ್ದರಿಂದ ದಿನವೂ ರಕ್ತ ಪರೀಕ್ಷಿಸಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾರೆ. ಪ್ರೀತಿಯಿಂದ ಯಾರಾದರೂ ತುಪ್ಪದ ಹೋಳಿಗೆ ಕಟ್ಟಿಕೊಂಡು ಬಂದರೆ ಬಂದವರೇ ತಿನ್ನಲಿ.

ಮನೆಗೆ ಬಂದ ಮೇಲೆ

ಹನ್ನೊಂದನೆಯ ದಿನ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೊರಟೆ. ಕೆಳಗಿನ ಬರ್ತ್ ಬೇಕೇ ಬೇಕು. ರಾತ್ರಿಯಿಡೀ ಮಲಗಿಕೊಂಡೇ ಬರಬೇಡಿ. ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಪಾದವನ್ನು ಮೇಲೆ ಕೆಳಗೆ ಆಡಿಸಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯ ಮೊದಲ ತಿಂಗಳು ಹೆಚ್ಚು. ಕೆಮ್ಮು, ಸೀನು ಬಂದಾಗ ಹೊಟ್ಟೆಗೆ ಒಂದು ಸಣ್ಣ ತಲೆದಿಂಬನ್ನು ಅಪ್ಪಿ ಹಿಡಿಯಿರಿ. ದಡಕ್ಕನೆ ಎದ್ದು ಕೂರಬೇಡಿ, ಒಂದು ಮಗ್ಗುಲಿಗೆ ಹೊರಳಿ ಕೈ ಊರಿ ಏಳಿ.

ಭಾರ ಎತ್ತುವ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ತುಂಬಿದ ಕೊಡ ಬೇಡ, ಜೋಳದ ಚೀಲವಂತೂ ಎಳೆಯುವುದೂ ಬೇಡ. ನನಗೆ ಆರು ವಾರ ಎಂದಿದ್ದರು, ನಾನು ಮೂರು ತಿಂಗಳು ಮುಟ್ಟಲಿಲ್ಲ. ಪ್ರೋಟೀನ್ ಕೊರತೆಯಿಂದ ಬಂದವರ ಹೊಟ್ಟೆಯ ಗೋಡೆ ಬೇಗ ಗಟ್ಟಿಯಾಗುವುದಿಲ್ಲ. ಹೊಲಿಗೆಯ ಜಾಗದಲ್ಲಿ ಹರ್ನಿಯಾ ಬಂದರೆ ಮತ್ತೊಂದು ಆಪರೇಷನ್ ಆಗಬೇಕು. ರೊಟ್ಟಿ ಬಡಿಯುವುದಕ್ಕೂ ಹೊಟ್ಟೆಯ ಸ್ನಾಯು ಬೇಕು ಎಂದು ನನಗೆ ಗೊತ್ತಾಗಿದ್ದು ಆಗಲೇ. ನಾಲ್ಕು ತಿಂಗಳು ನನ್ನ ತಂಗಿ ಹಂಚಿನ ಮುಂದೆ ಕುಳಿತಳು, ನಾನು ಗಲ್ಲಾಪೆಟ್ಟಿಗೆಯ ಹತ್ತಿರ ಕುಳಿತೆ.

ಜ್ವರ, ಸುಮ್ಮನೆ ಕುಳಿತಾಗಲೂ ನಿಮಿಷಕ್ಕೆ ನೂರಿಪ್ಪತ್ತರ ಆಸುಪಾಸಿನ ನಾಡಿ, ಎಡ ಭುಜದಲ್ಲಿ ಕಾರಣವಿಲ್ಲದ ನೋವು, ಹೊಟ್ಟೆ ಕಲ್ಲಿನಂತೆ ಬಿಗಿಯುವುದು, ಉಸಿರು ಸಾಲದಿರುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಕಪ್ಪು ಮಲ, ರಕ್ತವಾಂತಿ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಜೋಡಣೆ ಸೋರುತ್ತಿದ್ದರೆ ಪ್ರತಿ ಗಂಟೆಯೂ ಮುಖ್ಯ.

ವಾಂತಿಯ ಬಗ್ಗೆ ಬೇರೆಯಾಗಿ ಹೇಳಬೇಕು. ನಮ್ಮ ಕಡೆ ವಾಂತಿ ಎಂದು ಹತ್ತಿರದ ದವಾಖಾನೆಗೆ ಹೋದರೆ ಮೊದಲು ಗ್ಲೂಕೋಸ್ ಬಾಟಲಿ ಹಚ್ಚುತ್ತಾರೆ. ಸೊರಗಿದ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್ ತಳ ಕಂಡಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗಬಹುದು. ಒಂದೆರಡು ದಿನ ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಶಸ್ತ್ರವೈದ್ಯರಿಗೆ ಫೋನ್ ಮಾಡಿ. ಎದುರಿಗಿರುವ ವೈದ್ಯರಿಗೆ “ಬೈಪಾಸ್ ಆಗಿತ್ತು, ಬಿಚ್ಚಿದ್ದಾರೆ, ಮೊದಲು ಥಯಾಮಿನ್ ಕೊಡಿ” ಎಂದು ಬಾಯಿಬಿಟ್ಟು ಹೇಳಿ. ವಸ್ತು ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗಲಿಬಿಲಿಯಾಗುವುದು ಥಯಾಮಿನ್ ಕೊರತೆ ಮಿದುಳಿಗೆ ತಟ್ಟಿದ ಲಕ್ಷಣಗಳು. ವೈದ್ಯರಿಗೆ ಹೇಳುವ ಆ ಒಂದು ವಾಕ್ಯವನ್ನು ಚೀಟಿಯಲ್ಲಿ ಬರೆದು ನನ್ನ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ.

ಊಟ

ಮೊದಲ ಎರಡು ವಾರ ತೆಳುವಾದದ್ದು ಮಾತ್ರ: ಹೆಸರುಬೇಳೆಯ ಕಟ್ಟು, ಸೋಸಿದ ಮಜ್ಜಿಗೆ, ಎಳನೀರು, ಹಾಲಿನಲ್ಲಿ ಕದಡಿದ ಪ್ರೋಟೀನ್ ಪುಡಿ. ಒಂದು ಸ್ಟೀಲ್ ಚಹಾ ಲೋಟವನ್ನು ಅಳತೆಗೆ ಇಟ್ಟುಕೊಂಡೆ. ಅರ್ಧ ಲೋಟಕ್ಕೆ ಅರ್ಧ ಗಂಟೆ, ಗುಟುಕು ಗುಟುಕಾಗಿ. ಕೊಪ್ಪಳದ ಬಿಸಿಲಿಗೆ ಬಾಯಾರಿಕೆ ಬಹಳ. ಗಟಗಟನೆ ಕುಡಿದರೆ ಎದೆಯಲ್ಲಿ ಗೂಟ ಹೊಡೆದಂತೆ ನೋವು ಬರುತ್ತಿತ್ತು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಮೂರನೆಯ ವಾರದಿಂದ ಮೆತ್ತನೆಯದು. ಇಲ್ಲಿ ನಮ್ಮ ಅಡುಗೆ ಕೈ ಹಿಡಿಯುತ್ತದೆ. ಚೆನ್ನಾಗಿ ಬೇಯಿಸಿದ ಜೋಳದ ನುಚ್ಚಿಗೆ ಮಜ್ಜಿಗೆ, ಗಂಗಾವತಿ ಅಕ್ಕಿಯ ಮುದ್ದೆಯಂಥ ಅನ್ನಕ್ಕೆ ತೊಗರಿಬೇಳೆ, ಹಿಸುಕಿದ ಮೊಟ್ಟೆ, ಮೊಸರು. ದಿನಕ್ಕೆ ಮೂರು ಊಟದ ಲೆಕ್ಕ ಮರೆತು ಆರು ಸಣ್ಣ ಊಟ ಮಾಡಿ. ನನಗೆ ದಿನಕ್ಕೆ 70 ಗ್ರಾಂ ಪ್ರೋಟೀನ್ ಬೇಕೆಂದಿದ್ದರು. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ ಎಂಟು ಗ್ರಾಂ. ಹೀಗೆ ಕೂಡಿಸಿ ನೋಡಿದರೆ ಪುಡಿಯಿಲ್ಲದೆ ಲೆಕ್ಕ ಮುಟ್ಟಲಿಲ್ಲ. ಆರು ತಿಂಗಳು ಪುಡಿ ಬಿಡಲಿಲ್ಲ. ತಟ್ಟೆಯಲ್ಲಿ ಮೊದಲು ಪ್ರೋಟೀನ್ ತಿನ್ನಿ, ಆಮೇಲೆ ಉಳಿದದ್ದು.

ರೊಟ್ಟಿಯ ವಿಷಯ. ಒಂಬತ್ತನೆಯ ವಾರ ತಂಗಿ ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿಯ ಅಂಚನ್ನು ತೆಗೆದು, ನಡುವಿನ ಮೆತ್ತನೆಯ ಪದರನ್ನು ಮಾತ್ರ ಅಂಗೈಯಗಲ ಮುರಿದು, ಬಿಸಿ ಹಾಲಿನಲ್ಲಿ ಹತ್ತು ನಿಮಿಷ ನೆನೆಸಿಟ್ಟಳು. ಚಮಚದಲ್ಲಿ ಒತ್ತಿದರೆ ಕರಗಬೇಕು, ಅದೇ ಪರೀಕ್ಷೆ. ಒಂದು ತುತ್ತನ್ನು ಮೂವತ್ತು ಬಾರಿ ಅಗಿದೆ. ನುಂಗಿ ಐದು ನಿಮಿಷ ಗೋಡೆ ಗಡಿಯಾರ ನೋಡುತ್ತಾ ಕುಳಿತೆ. ಏನೂ ಆಗಲಿಲ್ಲ. ಇನ್ನೊಂದು ತುತ್ತು ತಿಂದೆ. ಅಲ್ಲಿಗೆ ನಿಲ್ಲಿಸಿದೆ. ಮೂರು ತುತ್ತಿಗೆ ಹೋಗಲು ಮತ್ತೆ ಒಂದು ವಾರ ಹಿಡಿಯಿತು. ಕಟಕ ರೊಟ್ಟಿಗೆ ಎಂಟು ತಿಂಗಳು. ಶೇಂಗಾ ಹಿಂಡಿಯನ್ನು ಮೊಸರಿನಲ್ಲಿ ತೆಳುವಾಗಿ ಕಲೆಸಿ ಐದನೆಯ ತಿಂಗಳಿಗೆ ತಿಂದೆ. ಪುಂಡಿಪಲ್ಯದ ಹುಳಿ ಮಾತ್ರ ಇನ್ನೂ ಎದೆ ಉರಿಸುತ್ತದೆ, ಬಿಟ್ಟಿದ್ದೇನೆ. ಹೊಸದೊಂದು ತಿನಿಸನ್ನು ತಿಂದ ದಿನ ಬೇರೆ ಹೊಸದು ತಿನ್ನಬೇಡಿ, ಯಾವುದು ತೊಂದರೆ ಕೊಟ್ಟಿತು ಎಂದು ಗೊತ್ತಾಗುವುದಿಲ್ಲ. ಖಾನಾವಳಿಯ ಹಳೆಯ ಉದ್ರಿ ಪುಸ್ತಕದ ಹಿಂದಿನ ಪುಟಗಳಲ್ಲಿ ಎಲ್ಲವನ್ನೂ ಬರೆದಿಟ್ಟೆ: ಏನು, ಎಷ್ಟು, ಆಮೇಲೆ ಏನಾಯಿತು. ತಪಾಸಣೆಗೆ ಹೋದಾಗ ವೈದ್ಯರು ನನ್ನ ಮಾತಿಗಿಂತ ಆ ಪುಸ್ತಕವನ್ನೇ ಹೆಚ್ಚು ನೋಡಿದರು.

ರಾತ್ರಿಯೂಟ ಏಳಕ್ಕೆ ಮುಗಿಸಿ, ತಲೆಯ ಕಡೆ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ. ಎದೆಯುರಿಗೆ ಇದರಷ್ಟು ಗುಣ ಕೊಟ್ಟದ್ದು ನನಗೆ ಇನ್ನೊಂದಿಲ್ಲ.

ಮಾತ್ರೆ ಮತ್ತು ಪರೀಕ್ಷೆ

ಕರುಳು ಸರಿಹೋಯಿತು, ಇನ್ನು ವಿಟಮಿನ್ ಏಕೆ ಎಂದು ಬಿಡಬೇಡಿ. ಬಿ12, ಕಬ್ಬಿಣ, ಡಿ, ಕ್ಯಾಲ್ಸಿಯಂ ಎಲ್ಲದರ ಕಣಜ ಖಾಲಿಯಾಗಿರುತ್ತದೆ. ರಕ್ತದ ವರದಿ ತುಂಬಿತು ಎಂದು ಹೇಳಬೇಕು, ನಿಮ್ಮ ಉತ್ಸಾಹವಲ್ಲ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಕನಿಷ್ಠ ಎರಡು ಗಂಟೆ ಅಂತರದಲ್ಲಿ ತೆಗೆದುಕೊಳ್ಳಿ. ಕಬ್ಬಿಣದ ಜೊತೆ ಚಹಾ ಕುಡಿದರೆ ಮಾತ್ರೆ ಅರ್ಧ ವ್ಯರ್ಥ. ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡ, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಪ್ಯಾರಾಸಿಟಮಾಲ್ ಆಗಬಹುದು. ಬೀಡಿ, ಗುಟ್ಕಾ, ಎಲೆಯಡಿಕೆಯೊಳಗಿನ ತಂಬಾಕು ಇವೂ ಗಾಯ ಮಾಯಲು ಬಿಡುವುದಿಲ್ಲ. ನನ್ನ ಅತ್ತೆ ನನಗಾಗಿ ಮನೆಯೊಳಗೆ ತಂಬಾಕಿನ ಡಬ್ಬಿ ತೆರೆಯುವುದನ್ನೇ ನಿಲ್ಲಿಸಿದರು. ಅದಕ್ಕೆ ನಾನು ಋಣಿ.

ತೂಕ

ಇದು ಎಲ್ಲರೂ ಕೇಳುವ ಪ್ರಶ್ನೆ. ಮೊದಲ ತಿಂಗಳು ನನ್ನ ತೂಕ ಏರಲಿಲ್ಲ, 43ರಿಂದ 39ಕ್ಕೆ ಇಳಿಯಿತು. ಅವ್ವ ಅತ್ತಳು. ನಿಜದಲ್ಲಿ ಅದು ಒಳ್ಳೆಯ ಸುದ್ದಿ: ಆಲ್ಬುಮಿನ್ ಏರಿದಂತೆ ಕಾಲಿನಲ್ಲಿ, ಹೊಟ್ಟೆಯಲ್ಲಿ ನಿಂತ ನೀರು ಮೂತ್ರವಾಗಿ ಹೋಗುತ್ತಿತ್ತು. ಅಷ್ಟು ದಿನ ತಕ್ಕಡಿ ತೋರಿಸಿದ್ದರಲ್ಲಿ ನೀರೂ ಸೇರಿತ್ತು. ಆದ್ದರಿಂದಲೇ ನಾನು ತಕ್ಕಡಿಯನ್ನು ಅಟ್ಟಕ್ಕೆ ಹಾಕಿ ಹೆಬ್ಬೆರಳನ್ನು ನಂಬಿದೆ. ಪ್ರತಿ ಭಾನುವಾರ ಒತ್ತಿ ಕುಳಿ ನೋಡುತ್ತಿದ್ದೆ. ಹನ್ನೆರಡನೆಯ ಭಾನುವಾರ ಕುಳಿ ಬೀಳಲಿಲ್ಲ. ಆ ತಿಂಗಳ ಆಲ್ಬುಮಿನ್ 3.6.

ಆಮೇಲೆ ತೂಕ ಏರುತ್ತದೆ. ಏರಲೇಬೇಕು, ಅದಕ್ಕಾಗಿಯೇ ಬಿಚ್ಚಿಸಿಕೊಂಡದ್ದು. ನನ್ನದು ಎರಡು ವರ್ಷದಲ್ಲಿ 66 ಆಯಿತು. 50 ದಾಟಿದ ದಿನ ನನ್ನೊಳಗೆ ಹಳೆಯ ಭಯ ಎದ್ದಿತು, ಎರಡು ದಿನ ಊಟ ಕಡಿಮೆ ಮಾಡಿದೆ. ಹಾಗೆ ಮಾಡಬೇಡಿ. ಆ ಭಯವನ್ನು ಆಹಾರತಜ್ಞರ ಮುಂದೆ ಹೇಳಿಕೊಳ್ಳಿ, ಬೇಕಿದ್ದರೆ ಮನೋವೈದ್ಯರ ಮುಂದೆಯೂ. ಸಕ್ಕರೆ ಕಾಯಿಲೆ ಮರಳಬಹುದು. ನನಗೆ ಹದಿನಾಲ್ಕನೆಯ ತಿಂಗಳಿಗೆ ಮರಳಿತು, ಮೂರು ತಿಂಗಳಿಗೊಮ್ಮೆ ಪರೀಕ್ಷಿಸುತ್ತಿದ್ದುದರಿಂದ ಬೇಗ ಸಿಕ್ಕಿತು, ಈಗ ಒಂದು ಸಣ್ಣ ಮಾತ್ರೆಯಲ್ಲಿ ಹಿಡಿತದಲ್ಲಿದೆ. ಬಿಪಿಯನ್ನೂ ಹೀಗೆಯೇ ನೋಡಿಕೊಳ್ಳಿ.

“ಲಕ್ಷಗಟ್ಟಲೆ ಸುರಿದು ಮಾಡಿಸಿ, ಮತ್ತೆ ಲಕ್ಷ ಸುರಿದು ಬಿಚ್ಚಿಸಿದಳು” ಎಂಬ ಮಾತು ಖಾನಾವಳಿಯ ಬಾಗಿಲಿಗೇ ಬಂತು. ಊಟಕ್ಕೆ ಬರುವ ಒಬ್ಬ ಹಿರಿಯರು, ನಿವೃತ್ತ ಮಾಸ್ತರರು, ಎಲ್ಲರೆದುರು ಕೇಳಿದರು. ನಾನು ಸೀರೆಯಂಚು ಸರಿಸಿ, ಕಾಲು ಮುಂದಿಟ್ಟು, ಇಲ್ಲಿ ಕುಳಿ ಬೀಳುತ್ತಿತ್ತು, ಈಗ ಬೀಳುವುದಿಲ್ಲ ಎಂದೆ. ಅವರು ಮತ್ತೆ ಕೇಳಲಿಲ್ಲ. ಎಲ್ಲರಿಗೂ ಎಲ್ಲವನ್ನೂ ವಿವರಿಸುವ ಹೊಣೆ ನಿಮಗಿಲ್ಲ. ಒಂದು ಉತ್ತರ ಸಿದ್ಧವಿಟ್ಟುಕೊಳ್ಳಿ, ಅಷ್ಟು ಸಾಕು.

ಜನವರಿಯ ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಗಳಿಂದ ರೊಟ್ಟಿ ಬರುತ್ತವೆ, ನಮ್ಮ ಮನೆಯಿಂದಲೂ ಒಂದು ಬುಟ್ಟಿ ಹೋಗುತ್ತದೆ. ದಾಸೋಹದ ಪಂಕ್ತಿಯಲ್ಲಿ ಕೂರುವ ಮುಂಚೆ ಮನೆಯಲ್ಲಿ ಒಂದು ಮೊಟ್ಟೆ ತಿಂದು, ಅರ್ಧ ಲೋಟ ಮಜ್ಜಿಗೆ ಕುಡಿದು ಹೋಗುತ್ತೇನೆ. ಹಸಿದು ಕುಳಿತರೆ ಬೇಗ ಬೇಗ ತಿಂದುಬಿಡುತ್ತೇವೆ. ಬಡಿಸುವವರಿಗೆ ಕೈ ಅಡ್ಡ ಹಿಡಿದು ಅರ್ಧ ರೊಟ್ಟಿ ಸಾಕು ಎನ್ನುತ್ತೇನೆ. ಮಾದಲಿ ಎರಡು ಚಮಚ, ಹಾಲು ಹಾಕಿಸಿಕೊಂಡು. ಮಿರ್ಚಿಯನ್ನು ಪಕ್ಕದಲ್ಲಿ ಕುಳಿತ ತಂಗಿಯ ಮಗನ ಎಲೆಗೆ ದಾಟಿಸುತ್ತೇನೆ.