ಇಪ್ಪತ್ತನೇ ತಾರೀಖು ದಾಟಲಿ ಅಂತ ಕಾದೆ

2019ರಲ್ಲಿ ಮಗಳು ಹುಟ್ಟಿದಾಗ ಅಕೌಂಟ್ಸ್ ಕೆಲಸ ಬಿಟ್ಟೆ. ಮತ್ತೆ ಹುಡುಕಲು ಕೂತದ್ದು 2023ರ ಜನವರಿಯಲ್ಲಿ. ಬಿ.ಕಾಂ. ಆಗಿದೆ, ಆರು ವರ್ಷದ ಅನುಭವ ಇದೆ, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಚೆನ್ನಾಗಿ ಗೊತ್ತು. ಎರಡು ತಿಂಗಳಲ್ಲಿ ಸಿಗಬಹುದು ಅಂದುಕೊಂಡಿದ್ದೆ.

ಐದು ತಿಂಗಳು ಮೊಬೈಲಿನಲ್ಲಿ ಅರ್ಜಿ ಹಾಕಿದ್ದೇ ಹಾಕಿದ್ದು. ಮಗಳು ಮಲಗಿದ ಮೇಲೆ ಕೂತರೆ ಹನ್ನೊಂದು ಗಂಟೆ ಆಗುತ್ತಿತ್ತು. ನೂರಾ ನಲವತ್ತು ಅರ್ಜಿಗೆ ಬಂದದ್ದು ಮೂರು ಫೋನು. ಒಬ್ಬರು ಮೊದಲಿಗೇ "ಇನ್ನೊಂದು ಮಗು ಪ್ಲ್ಯಾನ್ ಇದೆಯಾ?" ಅಂತ ಕೇಳಿದರು. ಫೋನಿಟ್ಟು ಅಡುಗೆಮನೆಯಲ್ಲಿ ಸುಮ್ನೆ ನಿಂತುಬಿಟ್ಟೆ. ಇನ್ನೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಆಫರ್ ಲೆಟರ್ ಕಳಿಸಿ, ರಿಜಿಸ್ಟ್ರೇಷನ್‌ಗೆ 1,500 ರೂಪಾಯಿ ಕೇಳಿದರು. ಕೊಟ್ಟೆ. ಮರುದಿನದಿಂದ ಆ ನಂಬರ್ ಬಂದ್. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ, ದುಡ್ಡು ವಾಪಸ್ ಬರಲಿಲ್ಲ. ಈಗ ಕೆಲಸ ಹುಡುಕುವ ಯಾರು ಸಿಕ್ಕರೂ ಇದನ್ನೇ ಮೊದಲು ಹೇಳುತ್ತೇನೆ. ಕೆಲಸಕ್ಕೆ ಮುಂಚೆ ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಮೇ ತಿಂಗಳಲ್ಲಿ ಒಂದು ಸುದ್ದಿ ಓದಿದೆ. ವರ್ಷದ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ (ಜಿಎಸ್‌ಟಿಗೆ ಆನ್‌ಲೈನ್‌ನಲ್ಲಿ ದಾಖಲಾದ ಬಿಲ್) ಮಾಡಬೇಕು ಅಂತ. ಅಲ್ಲಿಯವರೆಗೆ ಆ ಮಿತಿ 10 ಕೋಟಿ ಇತ್ತು. ಈ 5 ಮತ್ತು 10ರ ನಡುವೆ ಇರುವವರು ಯಾರು? ಬೆಂಗಳೂರಿನ ನಮ್ಮ ಲಗ್ಗೆರೆಗೆ ಹತ್ತಿರದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ. ಅಲ್ಲಿನ ಎಷ್ಟೋ ಮಷಿನ್ ಶಾಪ್‌ಗಳು ಇಷ್ಟೇ ದೊಡ್ಡವು. ಎಷ್ಟೋ ಕಡೆ ಬಿಲ್ ಬರೆಯುವುದು ಮಾಲೀಕರ ತಮ್ಮನೋ ಭಾಮೈದನೋ. ಇನ್ನು ಮುಂದೆ ಅವರು ಬೇರೆ ವ್ಯಾಪಾರಿಗಳಿಗೆ ಬರೆಯುವ ಪ್ರತಿ ಬಿಲ್ಲನ್ನೂ ಸರ್ಕಾರದ ಪೋರ್ಟಲ್‌ಗೆ ಹಾಕಿ ಐಆರ್‌ಎನ್ ಅನ್ನುವ ನೋಂದಣಿ ನಂಬರು, ಕ್ಯೂಆರ್ ಕೋಡ್ ಪಡೆಯಬೇಕು. ಇಲ್ಲದಿದ್ದರೆ ಮಾಲು ಕೊಂಡವರಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವುದಕ್ಕೆ ತೊಂದರೆ. ಆಗ ಪೇಮೆಂಟ್ ನಿಲ್ಲುತ್ತದೆ.

ಅಷ್ಟು ದಿನ ನನಗೆ ಯಾರು ಕೆಲಸ ಕೊಡುತ್ತಾರೆ ಅಂತ ನೋಡುತ್ತಿದ್ದೆ. ಆ ಸಂಜೆಯಿಂದ, ನಾನು ಮಾಡಬಲ್ಲ ಕೆಲಸ ಯಾರ ಮೇಜಿನ ಮೇಲೆ ಬಿದ್ದಿದೆ ಅಂತ ಯೋಚಿಸತೊಡಗಿದೆ.

ಮೊದಲು ಕಲಿಯಬೇಕಿತ್ತು. ನಾನು ಬಿಟ್ಟಾಗ ಟ್ಯಾಲಿ ಇಆರ್‌ಪಿ 9 ಇತ್ತು, ಈಗ ಟ್ಯಾಲಿಪ್ರೈಮ್ ಬಂದಿದೆ. ಅದರ ಎಜುಕೇಷನಲ್ ಮೋಡ್‌ಗೆ ದುಡ್ಡಿಲ್ಲ. ತಿಂಗಳಲ್ಲಿ ಕೆಲವೇ ತಾರೀಖಿಗೆ ಎಂಟ್ರಿ ಹಾಕಬಹುದು, ಕೈ ಪಳಗಿಸಲು ಅಷ್ಟು ಸಾಕು. ಜಿಎಸ್‌ಟಿಆರ್-2ಬಿ, ಅಂದರೆ ಮಾಲು ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ, ನನಗೆ ಪೂರ್ತಿ ಹೊಸದು, 2020ರಲ್ಲಿ ಬಂದದ್ದು. ಖರೀದಿ ಪುಸ್ತಕವನ್ನು ಅದರ ಜೊತೆ ತಾಳೆ ನೋಡುವುದನ್ನು ಎಕ್ಸೆಲ್‌ನಲ್ಲಿ ಮಾಡಿ ಮಾಡಿ ಕಲಿತೆ. ರಾತ್ರಿ ಅರ್ಜಿ ಹಾಕುವುದನ್ನು ಪೂರ್ತಿ ನಿಲ್ಲಿಸಿದೆ. ಮಗಳು ಸ್ಕೂಲಿಗೆ ಹೋದ ಮೇಲೆ ಹತ್ತರಿಂದ ಹನ್ನೆರಡು, ಅಷ್ಟೇ. ನಿದ್ದೆ ಬಂತು. ಅದಕ್ಕಿಂತ ದೊಡ್ಡ ಲಾಭ ಆ ತಿಂಗಳು ಬೇರೆ ಸಿಗಲಿಲ್ಲ.

ಆಮೇಲೆ ತಾರೀಖಿನ ವಿಷಯ. ಅಕೌಂಟ್ಸ್‌ನವರ ತಿಂಗಳು ಹೇಗಿರುತ್ತದೆ ಅಂತ ನನಗೆ ಗೊತ್ತು. 7ಕ್ಕೆ ಟಿಡಿಎಸ್ (ಪಾವತಿಯಲ್ಲೇ ಹಿಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ತಿಂಗಳ ಜಿಎಸ್‌ಟಿ ಕಟ್ಟುವ 3ಬಿ. ಆ ದಿನಗಳಲ್ಲಿ ರೆಸ್ಯೂಮೆ ಕಳಿಸಿದರೆ ಯಾರು ತೆರೆದು ನೋಡುತ್ತಾರೆ? ನಾನೇ ಆ ಕುರ್ಚಿಯಲ್ಲಿದ್ದಾಗ ನೋಡುತ್ತಿರಲಿಲ್ಲ. ಅದಕ್ಕೆ 21ರಿಂದ 28ರ ಒಳಗೆ ಮಾತ್ರ ಫೋನ್ ಮಾಡುವುದು ಅಂತ ಮಾಡಿಕೊಂಡೆ. ಉಳಿದ ದಿನ ಕಲಿಯುವುದು. ಉತ್ತರಕ್ಕಾಗಿ ಫೋನ್ ನೋಡುತ್ತಾ ಕೂರುವ ಸಂಕಟ ಇದರಿಂದಲೇ ತಪ್ಪಿತು. 9ನೇ ತಾರೀಖು ಯಾರೂ ಉತ್ತರ ಕೊಡದಿದ್ದರೆ ಅದು ನನ್ನ ಯೋಗ್ಯತೆಯ ಮಾತಲ್ಲ, ಅವರ ಕೆಲಸದ ಗಡಿಬಿಡಿ, ಅಲ್ವಾ?

ಫೋನ್ ಮಾಡಿದ್ದು ಫ್ಯಾಕ್ಟರಿಗಳಿಗಲ್ಲ, ಆಡಿಟರ್ ಆಫೀಸುಗಳಿಗೆ. ಸಣ್ಣ ಸಿಎ ಆಫೀಸಿಗೂ ಹತ್ತಾರು ಗಿರಾಕಿಗಳಿರುತ್ತಾರೆ. ಯಾರ ಅಕೌಂಟೆಂಟ್ ಬಿಟ್ಟು ಹೋದ, ಯಾರ ಲೆಕ್ಕ ಮೂರು ತಿಂಗಳು ಹಿಂದೆ ಬಿದ್ದಿದೆ ಅನ್ನುವುದು ಜಾಹೀರಾತು ಹೊರಡುವ ಮೊದಲೇ ಅವರಿಗೆ ಗೊತ್ತಿರುತ್ತದೆ. ರಾಜಾಜಿನಗರ, ಬಸವೇಶ್ವರನಗರದ ಆರು ಆಫೀಸುಗಳಿಗೆ ಹೋದೆ. ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿತ್ತು. ಬಸ್ಸಿಗೆ ದುಡ್ಡು ಬೇಡ ಅಂದ ಮೇಲೆ ಇವತ್ತು ಹೋಗಲೋ ಬೇಡವೋ ಅನ್ನುವ ಲೆಕ್ಕವೇ ಇರಲಿಲ್ಲ. ಸಂಬಳ ಇಲ್ಲದ ಹೆಂಗಸಿಗೆ ಅದು ಸಣ್ಣ ಮಾತಲ್ಲ.

ರೆಸ್ಯೂಮೆಯನ್ನು ಒಂದು ಪುಟಕ್ಕೆ ಇಳಿಸಿದೆ. ಮೇಲೆಯೇ "ಇ-ಇನ್‌ವಾಯ್ಸ್, 2ಬಿ ತಾಳೆ, 3ಬಿ, ಟಿಡಿಎಸ್ ಮಾಡಬಲ್ಲೆ" ಅಂತ ಬರೆದೆ. ಕೆಳಗೆ "2019ರಿಂದ ಮಗಳನ್ನು ನೋಡಿಕೊಳ್ಳಲು ಬಿಡುವು". ಮುಚ್ಚಿಡಲು ಹೋಗಲಿಲ್ಲ.

ನಾಲ್ಕು ಕಡೆ ಬರೀ "ನೋಡೋಣ ಮೇಡಂ". ಐದನೆಯವರು "ರೆಸ್ಯೂಮೆ ಆಮೇಲೆ ನೋಡ್ತೀನಿ, ಮೊದಲು ಇದನ್ನ ನೋಡಿ" ಅಂತ ಒಂದು ಖರೀದಿ ಪಟ್ಟಿ, ಅದರ 2ಬಿ ಎರಡನ್ನೂ ಕಂಪ್ಯೂಟರ್‌ನಲ್ಲಿ ತೆರೆದು ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ತಾಳೆಯಾಗದ ಒಂಬತ್ತು ಬಿಲ್ ತೆಗೆದು ತೋರಿಸಿದೆ. ಆಗಸ್ಟ್ 24ಕ್ಕೆ ಅವರೇ ಫೋನ್ ಮಾಡಿ ಪೀಣ್ಯ 2ನೇ ಹಂತದ ಒಂದು ವರ್ಕ್‌ಶಾಪ್‌ಗೆ ಕಳಿಸಿದರು.

ಮಾಲೀಕರು 18,000 ಅಂದರು. ನಾನು 24,000 ಕೇಳಿದೆ. 21,000ಕ್ಕೆ ಬಂದು ನಿಂತಿತು. ಸಂಜೆ ಐದಕ್ಕೆ ಮಗಳನ್ನು ಕರೆದುಕೊಂಡು ಬರಲು ಹೊರಡಬೇಕು ಅಂದೆ. ಮುಖ ಸ್ವಲ್ಪ ಗಂಟಾಯಿತು. "8ರಿಂದ 11, 17ರಿಂದ 20, ಈ ದಿನಗಳಲ್ಲಿ ಕೆಲಸ ಮುಗಿಯುವವರೆಗೆ ಇರುತ್ತೇನೆ" ಅಂದೆ. ಅವರು ಕ್ಯಾಲೆಂಡರ್ ಕಡೆ ನೋಡಿ, ಆಯಿತು ಅಂದರು.

ಸೆಪ್ಟೆಂಬರ್ 1ಕ್ಕೆ ಸೇರಿದೆ. ಮೇಜಿನ ಮೇಲೆ ಹನ್ನೊಂದು ಬಿಲ್ ಕಾದಿದ್ದವು. ಎಲ್ಲವೂ ಐಆರ್‌ಎನ್ ಇಲ್ಲ ಅಂತ ಗಿರಾಕಿಗಳು ವಾಪಸ್ ಕಳಿಸಿದ್ದವು.